ಪೈಪಿಗೊಂದು ಗಂಟು

ನಮ್ಮ ಮಾಮಾ ಪೆಟ್ರೋಲ್ ಕುಡಿಯುತ್ತಾರೆ. ಗಾಬರಿಯಾಗಬೇಡಿ, ಗಂಟಲಿಗೆ ಇಳಿಸುವುದಿಲ್ಲ! ಸಣ್ಣ ಪೈಪೊಂದನ್ನು ಬಾಯಿಗಿಟ್ಟು ಎಳೆದು, ಥೂ ಎಂದು ಉಗಿದು, "ಹಾಂ, ಇದು ಪೆಟ್ರೋಲಿಂದು" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಅವರ ಹತ್ತಿರ ದೋಣಿಗೆ ಕಟ್ಟುವ ಹಳೆಯ ಟೂ-ಸ್ಟ್ರೋಕ್ ಮೋಟಾರ್ ಇದೆ. ಗೋವಾದ ಮೀನುಗಾರನೊಬ್ಬ ಎಸೆಯಲು ಹೊರಟಿದ್ದನ್ನು ಬೇಡಿ ತಂದದ್ದು. ಸಮುದ್ರವಿಲ್ಲದ ಬೆಳಗಾವಿಯಲ್ಲಿ, ಅದೂ ಹಿಂದವಾಡಿಯಲ್ಲಿ, ದೋಣಿಯ ಮೋಟಾರ್ ಯಾಕೆ? ಕೇಳಿ ನೋಡಿದೆ. "ನಿಮ್ಮ ಮನ್ಯಾಗ ಹಾರ್ಮೋನಿಯಂ ಐತೆಲ್ಲ, ಯಾರು ಬಾರಸ್ತೀರಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ದೋಣಿ ಇರುವುದು ಮಾಮಿಯ ತವರಿನಲ್ಲಿ, ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ. ದಸರೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಎರಡನ್ನೂ ಕೂಡಿಸಿ ಮಾಮಾ ಹೊಳೆಗಿಳಿಯುತ್ತಾರೆ. ಉಳಿದ ದಿನ ಮೋಟಾರಿನ ವಾಸ ಪಡಸಾಲೆಯಲ್ಲಿ. ಯಾರಾದರೂ ಬಂದರೆ ಮಾಮಿ, "ಅಲ್ಲೆ ಕುಂದರಬ್ಯಾಡ್ರಿ, ಅದು ನನ್ನ ಸವತಿ ಜಾಗಾ" ಎನ್ನುತ್ತಾರೆ.

ಆ ಸವತಿಯ ಹೊಟ್ಟೆಯ ತುಂಬ ಕಿರುಬೆರಳಿಗಿಂತ ಸಣ್ಣ ಪೈಪುಗಳು. ಒಂದರಲ್ಲಿ ಪೆಟ್ರೋಲ್, ಒಂದರಲ್ಲಿ ಇಂಜಿನ್ ತಣಿಸಿ ಹೊರಬೀಳುವ ನೀರು, ಒಂದರಲ್ಲಿ ತಳದಲ್ಲಿ ನಿಂತ ಎಣ್ಣೆ, ಇನ್ನೊಂದರಲ್ಲಿ ಬರೀ ಗಾಳಿ. ಎಲ್ಲವೂ ಕಪ್ಪು, ಎಲ್ಲವೂ ಒಂದೇ ದಪ್ಪ! ಮೋಟಾರ್ ಕೆಮ್ಮಿದರೆ ಜನ ಪ್ಲಗ್ ಬಿಚ್ಚುತ್ತಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ರೋಗವಿರುವುದು ಪೈಪಿನಲ್ಲಿ ಎಂಬುದು ಮಾಮಾನ ಸಿದ್ಧಾಂತ. ಒಂದೊಂದನ್ನೂ ಮಡಚಿ ನೋಡಿ, ಬಿರುಕು ಬಿಟ್ಟದ್ದನ್ನು ಬದಲಿಸುತ್ತಾರೆ. "ಒಂದ ಬಿಚ್ಚಿ ಒಂದ ಹಾಕಬೇಕು. ಎಲ್ಲಾ ಒಮ್ಮೆ ಬಿಚ್ಚಿದ್ರ ದೇವ್ರಿಗೂ ಗುರ್ತು ಹತ್ತಂಗಿಲ್ಲ." ಮೀನಿನ ತೊಟ್ಟಿಯ ಪೈಪು ಹಾಕಿದರಾಗದೇ ಎಂದು ನಾನೊಮ್ಮೆ ಕೇಳಿದ್ದೆ. "ಪೆಟ್ರೋಲಿಗೆ ಅದು ನಾಕ ದಿನದಾಗ ಹಪ್ಪಳ ಆಗತೈತಿ" ಎಂದವರು ಮೂರು ದಿನ ನನ್ನೊಡನೆ ಮಾತು ಬಿಟ್ಟರು.

ಎರಡು ವರ್ಷದ ಹಿಂದೆ ಮಾಮಾನ ಕಣ್ಣು ನೋಡಿದ ಡಾಕ್ಟರು, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯೋಣ ಎಂದರು. ಜೊತೆಗೆ ಹೋಗಿದ್ದವಳು ನಾನೊಬ್ಬಳೇ. "ನಿಮ್ಮ ಮಾಮಿಗೆ ಹೇಳಬ್ಯಾಡ. ನಾಳೇನ ಮೋಟಾರ್ ಗುಜರಿಗೆ ಹಾಕ್ತಾಳ" ಎಂದು ಮಾಮಾ ಆಣೆ ಹಾಕಿಸಿಕೊಂಡರು. ಅದು ಹೋದರೆ ಮಾಮಾ ಮೂಲೆ ಹಿಡಿಯುತ್ತಾರೆಂದು ಹೆದರಿ ನಾನೂ ಬಾಯಿ ಹೊಲಿದುಕೊಂಡೆ.

ಕಣ್ಣು ಕೈಕೊಟ್ಟರೇನು, ಶಹಾಪುರದ ನೇಕಾರರ ಮನೆಯ ಬೆರಳುಗಳಿದ್ದವಲ್ಲ! ಪ್ರತಿ ಪೈಪಿನ ತುದಿಗೂ ಮಗ್ಗದ ನೂಲು ಕಟ್ಟಿದರು. ಪೆಟ್ರೋಲಿಗೆ ಒಂದು ಗಂಟು, ನೀರಿಗೆ ಎರಡು, ಎಣ್ಣೆಗೆ ಮೂರು, ಗಾಳಿಗೆ ನಾಲ್ಕು. ಆ ಧೈರ್ಯದ ಮೇಲೆ ಹೋದ ದಸರೆಗೆ ತಮ್ಮ ನಿಯಮವನ್ನೇ ಮುರಿದು, ಕ್ಲಿಪ್ ಬದಲಿಸಲೆಂದು ಎಲ್ಲ ಪೈಪುಗಳ ಒಂದು ತುದಿಯನ್ನು ಒಟ್ಟಿಗೇ ಬಿಚ್ಚಿಟ್ಟು ಪೇಟೆಗೆ ಹೋದರು.

ಮರುದಿನ ಖಂಡೇನವಮಿ. ಮನೆಯ ಇಳಿಗೆ, ಸುತ್ತಿಗೆ, ಸ್ಕೂಟರ್ ಎಲ್ಲಕ್ಕೂ ಪೂಜೆ. ಸವತಿಯಾದರೂ ಪೂಜೆ ತಪ್ಪಿಸಬಾರದೆಂದು ಮಾಮಿ ಮೋಟಾರನ್ನು ಒರೆಸಿದರು. ಜಿಡ್ಡು ಹಿಡಿದ ನೂಲು ಕಂಡಿತು. ಹಬ್ಬದ ದಿನ ಹೊಲಸು ನೂಲೇ? ಬಿಚ್ಚಿ, ಸಾಬೂನು ಹಾಕಿ ತೊಳೆದು, ಒಣಗಿಸಿ, ಒಂದೊಂದು ಪೈಪಿಗೆ ಒಂದೊಂದು ನೂಲನ್ನು ಕೈಗೆ ಬಂದಂತೆ ಕಟ್ಟಿ, ಕುಂಕುಮವನ್ನೂ ಹಚ್ಚಿದರು. ಸಂಜೆ ಮಾಮಾ ಬೆರಳಲ್ಲಿ ಗಂಟು ಎಣಿಸುತ್ತ, ಖುಷಿಯಿಂದ ಎಲ್ಲವನ್ನೂ ಜೋಡಿಸಿದರು.

ಆ ವಾರವೇ ಹೊಳೆಗೆ ಹೋದೆವು. ಮೋಟಾರನ್ನು ದೋಣಿಗೆ ಬಿಗಿದು, ಮಾಮಾ ಪೆಟ್ರೋಲ್ ಏರಿಸುವ ರಬ್ಬರ್ ಉಂಡೆಯನ್ನು ಒತ್ತಿದರು. ನೀರು ಚಿಮ್ಮಬೇಕಾದ ತೂತಿನಿಂದ ಪೆಟ್ರೋಲ್ ಸುರಿಯಿತು!

"ಪೈಪ ಅದಲಾಬದಲಿ ಆಗ್ಯಾವು. ನೂಲಿಗೆ ಯಾರು ಕೈ ಹಚ್ಚಿದ್ರು?"

"ನಾನ ತೊಳದು ಕಟ್ಟೀನಿ" ಎಂದರು ಮಾಮಿ. "ನೂಲು ಯಾಕ ಬೇಕ್ರಿ? ಯಾವ ಪೈಪ ಎಲ್ಲಿಂದ ಬಂದೈತಿ ಅಂತ ಕಣ್ಣಿಗೆ ಕಾಣಸ್ತೈತೆಲ್ಲ."

ಮಾಮಾನ ಬೆರಳುಗಳು ಪೈಪುಗಳ ನಡುವೆ ತಡಕಾಡುತ್ತಿದ್ದವು. ಮಾಮಿ ಆ ಬೆರಳುಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಇಷ್ಟು ದಿನ ಮುಚ್ಚಿಟ್ಟದ್ದು ಒಂದು ಕ್ಷಣದಲ್ಲಿ ಬಯಲಾಗಿತ್ತು. ಇನ್ನು ಮೋಟಾರಿನ ಕಥೆ ಮುಗಿಯಿತು ಎಂದುಕೊಂಡೆ.

ಮಾಮಿ ಸೆರಗು ಸಿಕ್ಕಿಸಿಕೊಂಡು ಮಾಮಾನ ಪಕ್ಕದಲ್ಲಿ ಕೂತರು. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಅದು ಆರುವವರೆಗೂ ಕಾದರು. ಆಮೇಲೆ, "ಇದು ಪಂಪಿನಿಂದ ಬಂದೈತಿ. ಕೈ ಕೊಡ್ರಿ ಇಲ್ಲೆ" ಎಂದು ಅವರ ಬೆರಳನ್ನು ಪೈಪಿನ ಮೇಲಿಟ್ಟರು. ಹೀಗೇ ಒಂದೊಂದಾಗಿ ನಾಲ್ಕೂ ಸರಿಹೋದವು. ಹಗ್ಗ ಎಳೆದದ್ದೇ ಮೋಟಾರ್ ಗುಡುಗಿತು.

ಮಾಮಿಗೆ ಈಜು ಬರುವುದಿಲ್ಲ. ಆ ಹೊಳೆಯ ದಂಡೆಯಲ್ಲೇ ಬೆಳೆದರೂ ದೋಣಿಗೆ ಕಾಲಿಟ್ಟವರಲ್ಲ. ಅಂದು ಏರಿ, ಮುಂತುದಿಯ ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತರು.

"ನೀ ಯಾಕ ಹತ್ತಿದಿ?" ಎಂದರು ಮಾಮಾ.

"ಮುಂದ ಬಂಡೆಗಲ್ಲು ಭಾಳ ಅದಾವು. ನಾ ನೋಡಿ ಹೇಳತೀನಿ, ನೀವು ತಿರಗಸ್ರಿ."

ನಾನು ದಂಡೆಯಲ್ಲೇ ನಿಂತೆ. ದೋಣಿ ನಡುಹೊಳೆಗೆ ಹೋದರೂ, ಮೋಟಾರಿನ ಸದ್ದನ್ನು ಮೀರಿ ಮಾಮಿಯ ದನಿ ದಂಡೆಗೆ ಕೇಳುತ್ತಿತ್ತು: "ಎಡಕ್ಕ ರೀ. ಇನ್ನೂ ಸ್ವಲ್ಪ ಎಡಕ್ಕ."