ನಲವತ್ತರ ಸ್ಪೀಡಿಗೆ ಇಳಿಯುವ ಮುದ್ದೆ

ಎಲೆಯ ಮೇಲೆ ಬಿಸಿ ಮುದ್ದೆ ಕೂತು, ಅದರ ಸುತ್ತ ನಾಟಿಕೋಳಿ ಸಾರು ಹರಿದ ಗಳಿಗೆಯಲ್ಲೇ ದೇವರಾಜನಿಗೆ ಮಗಳ ಸಂಬಂಧ ಮುರಿದುಬಿತ್ತು ಅನ್ನಿಸಿತು.

ಊಟದಲ್ಲಿ ಯಾವ ಐಬೂ ಇರಲಿಲ್ಲ. ಐಬು ಇದ್ದದ್ದು ಅವನ ಗಂಟಲಲ್ಲಿ.

ದೇವರಾಜ ದೇವನಹಳ್ಳಿಯವನು, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಊಟಕ್ಕೆಂದು ಗಾಡಿ ನಿಲ್ಲಿಸಿದರೆ ಬರುವ ಟ್ರಿಪ್ಪು ಇನ್ನೊಬ್ಬನ ಪಾಲಾಗುತ್ತದಲ್ಲ ಎಂದು ಮೊದಮೊದಲು ಓಡಿಸುತ್ತಲೇ ಬಾಳೆಹಣ್ಣು ತಿಂದ. ಬಾಳೆಹಣ್ಣಿನ ಹಿಂದೆ ಇಡ್ಲಿ ಬಂತು, ಇಡ್ಲಿಯ ಹಿಂದೆ ಚಿತ್ರಾನ್ನ ಬಂತು. ಕೊನೆಗೆ ತೊಡೆಯ ಮೇಲೆ ಮುದ್ದೆ ಡಬ್ಬಿ, ಗೇರಿನ ಪಕ್ಕ ಸಾರಿನ ಲೋಟ. ಬಲಗೈ ಮುದ್ದೆ ಮುರಿಯುತ್ತಿತ್ತು, ಎಡಗೈ ಸ್ಟೇರಿಂಗ್ ತಿರುಗಿಸುತ್ತಿತ್ತು, ಗೇರ್ ಬದಲಿಸುವಾಗ ಮಾತ್ರ ಸ್ಟೇರಿಂಗು ಮೊಣಕಾಲಿನ ಸುಪರ್ದಿಗೆ ಹೋಗುತ್ತಿತ್ತು. ಹಿಂದೆ ಕೂತ ಗಿರಾಕಿಗಳು ದೇವರ ನಾಮ ಹೇಳಿಕೊಳ್ಳುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಒಂದು ದಿನ ಮನೆಯಲ್ಲಿ ತಟ್ಟೆ ಮುಂದೆ ಕೂತರೆ ತುತ್ತು ಗಂಟಲಲ್ಲೇ ನಿಂತುಬಿಟ್ಟಿತು. ಕೂತ ಜಾಗ ಅಲುಗಾಡಬೇಕು, ಕಾಲ ಕೆಳಗೆ ಬ್ರೇಕು ಇರಬೇಕು. ಇಲ್ಲದಿದ್ದರೆ ಒಂದಗುಳೂ ಒಳಗೆ ಹೋಗದು. ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, "ರೋಡ್ ಕ್ಲಿಯರ್ ಆಗೇ ಇದೆಯಲ್ರೀ" ಅಂದರು. ಅಲ್ಲಿಂದ ಮುಂದೆ ರಾತ್ರಿಯೂಟಕ್ಕೂ ಅವನು ಡಬ್ಬಿ ಹಿಡಿದು ಗಾಡಿ ಹತ್ತಿ, ಕೋಟೆ ಸುತ್ತ ರೌಂಡು ಹೊಡೆದು ಬಂದು ಕೈ ತೊಳೆಯತೊಡಗಿದ. ಹೆಂಡತಿ ಜ್ಯೋತಿಲಕ್ಷ್ಮಿ ಅತ್ತು, ಬೈದು, ಕೊನೆಗೆ ಸುಮ್ಮನಾದಳು.

ಈಗ ಅವನು ಕೂತಿದ್ದದ್ದು ಸಮೇತನಹಳ್ಳಿಯ ಪಿಳ್ಳಪ್ಪನವರ ಪಡಸಾಲೆಯಲ್ಲಿ. ಅವರ ಮಗ ಮನೋಹರ್ ಪೊಲೀಸ್ ಕಾನ್‌ಸ್ಟೇಬಲ್. ದೇವರಾಜನ ಮಗಳು ನವ್ಯಶ್ರೀ ಅವನನ್ನು ಒಪ್ಪಿದ್ದಳು, ಅವನೂ ಅವಳನ್ನು ಒಪ್ಪಿದ್ದ. ಉಳಿದಿದ್ದದ್ದು ಹುಡುಗನ ಮನೆ ನೋಡುವ ಶಾಸ್ತ್ರ ಒಂದೇ. ಹುಡುಗ ಡ್ಯೂಟಿಯಲ್ಲಿದ್ದ, ಸಂಜೆಗೆ ಬರುವವನಿದ್ದ. ಪಿಳ್ಳಪ್ಪನವರ ಮನೆತನದಲ್ಲಿ ಒಂದು ಕಟ್ಟಳೆ: ಹೆಣ್ಣಿನ ತಂದೆ ಎಲೆ ಖಾಲಿ ಮಾಡಿ ಎದ್ದರೆ ಸಂಬಂಧ ಒಪ್ಪಿದ ಹಾಗೆ, ಎಲೆ ಬಿಟ್ಟು ಎದ್ದರೆ ಬೇಡವೆಂದ ಹಾಗೆ.

ಬೆಳಿಗ್ಗೆ ಹೊರಡುವಾಗ ನವ್ಯಶ್ರೀ ಅಪ್ಪನ ಕೈ ಹಿಡಿದುಕೊಂಡಿದ್ದಳು. "ಅಪ್ಪಾ, ಇವತ್ತೊಂದಿನ ಹೆಂಗಾದ್ರೂ ನುಂಗ್ಬಿಡಪ್ಪಾ."

ದಾರಿಯುದ್ದಕ್ಕೂ ಜ್ಯೋತಿಲಕ್ಷ್ಮಿಯದು ಒಂದೇ ಮಾತು. "ಯಾರ ಹತ್ರಾನೂ ಬಾಯ್ ಬಿಡ್ಬೇಡಿ ರೀ. ಹುಚ್ಚರ ಮನೆ ಹೆಣ್ಣು ಅಂದ್ಬಿಡ್ತಾರೆ."

ದೇವರಾಜ ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟ. ಚಕ್ಕಳಮಕ್ಕಳ ಹಾಕಿದ್ದವನು ಬಲಗಾಲನ್ನು ಮೆಲ್ಲಗೆ ಚಾಚಿ ಇಲ್ಲದ ಆಕ್ಸಿಲರೇಟರ್ ಒತ್ತಿದ. ಎಡಗೈಯನ್ನು ಗಾಳಿಯಲ್ಲಿ ಸಣ್ಣಗೆ ತಿರುಗಿಸಿದ. ಗಂಟಲಿಗೆ ಮೋಸ ಗೊತ್ತಾಯಿತು. ತುತ್ತು ಕೆನ್ನೆಗೆ ಸರಿದು, ಬಾಡಿಗೆಗೆ ಬಂದವನಂತೆ ಅಲ್ಲೇ ಮನೆ ಹೂಡಿತು.

ಬಡಿಸುತ್ತಿದ್ದ ಪಿಳ್ಳಪ್ಪನವರ ಹೆಂಡತಿ ಅಕ್ಕಯಮ್ಮ ಬಗ್ಗಿ ನೋಡಿದರು. "ಯಾಕಪ್ಪಾ, ಕಾಲು ಜೋಮು ಹಿಡೀತಾ? ಉಣ್ಣಿ, ಆರೋಯ್ತದೆ."

"ಊಂ" ಅಂದ ದೇವರಾಜ. ಹಲ್ಲುನೋವು ಬಂದವನ ಹಾಗೆ ಕೆನ್ನೆ ಊದಿತ್ತು.

ಪಕ್ಕದ ಎಲೆಯಲ್ಲಿ ಹನುಮಂತರಾಯಪ್ಪ ಎರಡನೇ ಮುದ್ದೆಯ ಮಧ್ಯದಲ್ಲಿದ್ದ. ಅವನು ದೇವರಾಜನ ಪಕ್ಕದ ಮನೆಯವನು. ಶುಭಕಾರ್ಯಕ್ಕೆ ಮೂರು ಜನ ಹೋಗಬಾರದೆಂದು ಶಾಸ್ತ್ರ ಹೇಳಿ, ನಾಲ್ಕನೆಯವನಾಗಿ ತಾನೇ ಹೊರಟ. ಗಂಡ ಹೆಂಡತಿ ಇಬ್ಬರೇ ಹೊರಟಿದ್ದರು, ಮೂರನೆಯವನು ತಾನೇ ಎಂಬುದು ಹೊಳೆಯುವ ಹೊತ್ತಿಗೆ ಗಾಡಿಯಲ್ಲಿ ಕೂತೂ ಆಗಿತ್ತು. ಗೆಳೆಯನ ಕಷ್ಟ ಕಂಡು ಸಹಾಯಕ್ಕೆ ಧುಮುಕಿದ.

"ಅವ್ರಿಗೆ ಹೊಟ್ಟೇಲಿ ಒಸಿ ತೊಂದ್ರೆ ಕಣಮ್ಮಾ."

ಅಕ್ಕಯಮ್ಮನ ಸೌಟು ನಿಂತಿತು. "ಎಂಥ ತೊಂದ್ರೆ? ಅವರಪ್ಪಂಗೂ ಇತ್ತಾ? ಮಗೀಗೂ ಬತ್ತದಾ?"

"ಅಯ್ಯೋ, ಕಾಯಿಲೆ ಅಲ್ಲಮ್ಮಾ! ಹರಕೆ. ಮಾಂಸ ಬಿಟ್ಟವ್ರೆ, ಸಂಕೋಚಕ್ಕೆ ಹೇಳ್ತಿಲ್ಲ."

"ಮೊದ್ಲೇ ಹೇಳ್ಬಾರ್ದಾ!" ಅಂದರು ಪಿಳ್ಳಪ್ಪ. ಎಲೆ ಬದಲಾಯಿತು. ಒಲೆ ಮತ್ತೆ ಹತ್ತಿತು. ಸೊಪ್ಪಿನ ಸಾರು ಬಂತು, ಹೊಸ ಮುದ್ದೆ ಬಂತು. ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತು, ಹೋರಿ ನೀರು ಕುಡಿಯುವುದನ್ನು ಕಾಯುವವರಂತೆ ದೇವರಾಜನ ಬಾಯನ್ನೇ ಕಾದರು. ಹೊಸ ತುತ್ತು ಇನ್ನೊಂದು ಕೆನ್ನೆಗೆ ಹೋಗಿ ಕೂತಿತು.

"ಅಸಲಿಗೆ ಊಟಾನೇ ಬಿಟ್ಟವ್ರೆ" ಅಂದ ಹನುಮಂತರಾಯಪ್ಪ, ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಪಿಳ್ಳಪ್ಪ ದೇವರಾಜನ ಹೊಟ್ಟೆ ನೋಡಿದರು. "ಊಟ ಬಿಟ್ಟೋರು ಇಂಗವ್ರಾ?"

ಪಿಳ್ಳಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೋಡಿ ಸ್ವಾಮಿ, ಇಷ್ಟ ಇಲ್ದಿದ್ರೆ ಮೊಕದ ಮೇಲೆ ಹೇಳ್ಬಿಡಿ. ನಮ್ಮನೆ ಅನ್ನ ಬಾಯಲ್ಲಿ ಮಡಿಕ್ಕೊಂಡು ಆಟ ಆಡ್ಬೇಡಿ. ಎದ್ದು ಕೈ ತೊಳ್ಕಳಿ."

ದೇವರಾಜನ ಕಣ್ಣಲ್ಲಿ ನೀರು ಬಂತು. ಮಗಳ ಮುಖ ಎದುರಿಗೆ ಬಂತು. ಎರಡೂ ತುತ್ತನ್ನು ಎಲೆಯ ಮೂಲೆಗೆ ತೆಗೆದಿಟ್ಟು, ಹೆಂಡತಿಯ ಕಡೆ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಬಾಳೆಹಣ್ಣಿನಿಂದ ಶುರುಮಾಡಿ ಕೋಟೆಯ ರೌಂಡಿನವರೆಗೆ. ಜ್ಯೋತಿಲಕ್ಷ್ಮಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಪಿಳ್ಳಪ್ಪ ಗಡ್ಡ ಕೆರೆದರು. "ಗಾಡಿ ಓಡ್ತಿದ್ರೆ ಉಣ್ತೀರಾ?"

"ಎಷ್ಟ್ ಬೇಕಾದ್ರೂ ಉಣ್ತೀನಿ."

"ಸುಳ್ಳಾದ್ರೆ?"

"ನನ್ ಮಗಳಾಣೆ."

"ಲೇ ಅಕ್ಕಯಮ್ಮಾ, ಕೋಳಿ ಸಾರಿನ ಪಾತ್ರೆ ಎತ್ಕೋ. ಎಲೆ ಗಾಡೀಗ್ ಹಾಕು!"

ದೇವರಾಜನ ತೊಡೆಯ ಮೇಲೆ ಎಲೆ ಹಾಸಿದರು. ಮುಂದಿನ ಸೀಟಿನಲ್ಲಿ ಅಕ್ಕಯಮ್ಮ ಪಾತ್ರೆಯನ್ನು ಮಗುವಿನಂತೆ ತಬ್ಬಿಕೊಂಡು, ಸೌಟು ಹಿಡಿದು ಕೂತರು. ಹಿಂದೆ ಸಾಕ್ಷಿಗೆ ಪಿಳ್ಳಪ್ಪ, ಅವರ ಪಕ್ಕ ಜ್ಯೋತಿಲಕ್ಷ್ಮಿ, ಬಾಗಿಲಿಗೆ ಒತ್ತರಿಸಿಕೊಂಡು ಹನುಮಂತರಾಯಪ್ಪ. ಅವನ ಕೈಯಲ್ಲಿ ಅರ್ಧ ಮುದ್ದೆ ಇನ್ನೂ ಇತ್ತು. ಕೇರಿಯವರು ಜಗಲಿ ಮೇಲೆ ಸಾಲಾಗಿ ನಿಂತರು.

ಗಾಡಿ ಕೇರಿಯಲ್ಲಿ ಹೊರಟಿತು. ದೇವರಾಜ ತುತ್ತು ಇಟ್ಟ. ಸಾರು ಇಳಿಯಿತು. ಮುದ್ದೆ ನಿಂತಿತು.

"ಏನಾಯ್ತು?" ಹಿಂದಿನಿಂದ ಪಿಳ್ಳಪ್ಪ ಕತ್ತು ಚಾಚಿದರು.

"ಸ್ಪೀಡ್ ಸಾಲ್ದು ಯಜಮಾನ್ರೇ. ಇಪ್ಪತ್ತರಲ್ಲಿ ಸಾರಷ್ಟೇ ಇಳಿಯೋದು. ಮುದ್ದೆಗೆ ನಲವತ್ತು ಬೇಕು."

"ಹಂಗಾದ್ರೆ ಮೇನ್ ರೋಡಿಗ್ ಬಿಡಿ!"

ಮೇನ್ ರೋಡಿಗೆ ಗಾಡಿ ಹತ್ತಿತು. ಮುಳ್ಳು ನಲವತ್ತು ಮುಟ್ಟಿತು. ಮುದ್ದೆ ಎಣ್ಣೆ ಸವರಿದಂತೆ ಜಾರಿತು. ಅದರ ಹಿಂದೆ ಇನ್ನೊಂದು ತುತ್ತು, ಮತ್ತೊಂದು. ದೇವರಾಜ ಮುರಿದ, ಅದ್ದಿದ, ನುಂಗಿದ. ಎಲೆ ಖಾಲಿಯಾಯಿತು. ಅಕ್ಕಯಮ್ಮ ಇನ್ನೊಂದು ಮುದ್ದೆ ಇಟ್ಟರು, ಅದೂ ಹೋಯಿತು.

"ಒಪ್ದೆ ಬೀಗ್ರೇ, ಒಪ್ದೆ!" ಪಿಳ್ಳಪ್ಪ ಸೀಟು ಬಡಿದರು. "ನಮ್ಮನೆ ಊಟ ಉಂಡಾಯ್ತು, ಇನ್ನು ನೀವ್ ಬೇಡ ಅಂದ್ರೂ ನಾವ್ ಬಿಡಲ್ಲ!"

"ಇನ್ನೊಂದ್ ಸೌಟು ಹಾಕುಸ್ಕಳಿ ಬೀಗ್ರೇ" ಎಂದು ಅಕ್ಕಯಮ್ಮ ಸಂಭ್ರಮದಲ್ಲಿ ಸೌಟು ಎತ್ತಿದ್ದಕ್ಕೂ ಮುಂದಿನ ಚಕ್ರ ರೋಡ್ ಹಂಪು ಹತ್ತಿದ್ದಕ್ಕೂ ಸರಿಹೋಯಿತು. ಕುದಿಕುದಿ ಸಾರು ಎಲೆ ದಾಟಿ, ಪ್ಯಾಂಟು ದಾಟಿ, ಹೇಳಬಾರದ ಜಾಗ ಮುಟ್ಟಿತು. ದೇವರಾಜ ಕೂತಲ್ಲೇ ಒಂದು ಮೊಳ ಮೇಲೆ ಹಾರಿದ. ಸ್ಟೇರಿಂಗು ಅನಾಥವಾಯಿತು. ಗಾಡಿ ಹೆಂಡ ಕುಡಿದವನಂತೆ ರಸ್ತೆಯ ಆ ಕಡೆಗೂ ಈ ಕಡೆಗೂ ತೂರಾಡಿ, ಪೊಲೀಸರು ಇಟ್ಟಿದ್ದ ಬ್ಯಾರಿಕೇಡಿಗೆ ಮೂತಿ ತಗುಲಿಸಿ ನಿಂತಿತು.

ಕಾನ್‌ಸ್ಟೇಬಲ್ ಒಬ್ಬ ಓಡಿಬಂದ. ದೇವರಾಜನ ಜೀವ ಬಾಯಿಗೆ ಬಂತು.

ಹಿಂದಿನಿಂದ ಪಿಳ್ಳಪ್ಪನವರ ನಗು ಕೇಳಿಸಿತು. "ಹೆದರ್ಕಬ್ಯಾಡಿ ಬೀಗ್ರೇ! ನಮ್ ಮನೋಹರಾನೇ!"

ದೇವರಾಜನಿಗೆ ಆ ಖಾಕಿಯಲ್ಲಿ ಕುಲದೇವರೇ ಕಂಡ ಹಾಗಾಯಿತು. ಮನೋಹರ್ ಕಿಟಕಿಯಲ್ಲಿ ಬಗ್ಗಿ ನೋಡಿದ. ತೊಡೆ ಮೇಲೆ ಎಲೆ ಹರಡಿಕೊಂಡ ಮಾವ, ಸೌಟು ಹಿಡಿದ ಅವ್ವ, ಹಿಂದೆ ಅಪ್ಪ, ಅತ್ತೆ ಮತ್ತು ಮುದ್ದೆ ಹಿಡಿದ ಅಪರಿಚಿತ.

"ಮಾವ... ಏನಿದು?"

"ಊಟ ಕಣಪ್ಪಾ" ಅಂದ ದೇವರಾಜ.

ಮನೋಹರ್ ದನಿ ತಗ್ಗಿಸಿದ. "ತಪ್ ತಿಳ್ಕೋಬೇಡಿ ಮಾವ. ಆ ಜೀಪಲ್ಲಿ ಸಾಹೇಬ್ರು ಕೂತವ್ರೆ, ಎಲ್ಲಾ ನೋಡಿದ್ರು. ನಮ್ಮೋರು ಅಂತ ಬಿಟ್ರೆ ನನ್ ಕೆಲ್ಸ ಹೋಯ್ತದೆ. ಡಿ.ಎಲ್. ಕೊಡಿ."

ಸಾಹೇಬರು ಬಂದರು, ಎಲೆ ನೋಡಿದರು, ಸಾರು ನೋಡಿದರು. ಮೂಗಿಗೆ ಕರ್ಚೀಫು ಹಿಡಿದು, ಲೈಸೆನ್ಸು ಆರ್‌ಟಿಓಗೆ ಹೋಗುತ್ತದೆ, ಮೂರು ತಿಂಗಳು ಅಮಾನತಾಗುತ್ತದೆ, ಇವತ್ತಿನಿಂದಲೇ ಸ್ಟೇರಿಂಗು ಮುಟ್ಟಬಾರದು ಎಂದರು.

"ನೋಡುದ್ರಾ!" ಪಿಳ್ಳಪ್ಪನವರ ಎದೆ ಉಬ್ಬಿತ್ತು. "ಮಾವ ಅಂತಾನೂ ನೋಡ್ಲಿಲ್ಲ. ಎಂಥಾ ನಿಯತ್ತಿನ ಅಳಿಯ ಸಿಕ್ದ ನಿಮ್ಗೆ!"

ದೇವರಾಜ ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತ. ಮೂರು ತಿಂಗಳು ಗಾಡಿಯಿಲ್ಲ. ಗಾಡಿಯಿಲ್ಲ ಅಂದರೆ ಊಟವಿಲ್ಲ. ಸಂಬಂಧ ಬೇಡ ಅನ್ನೋಣವೆಂದರೆ ಈ ಮನೆಯ ಎರಡು ಮುದ್ದೆ ಆಗಲೇ ಹೊಟ್ಟೆಯೊಳಗಿವೆ. ಮಗಳ ಮದುವೆಯ ಹೊತ್ತಿಗೆ ತಾನು ಧಾರೆ ಎರೆಯಲು ಎದ್ದು ನಿಲ್ಲುವಷ್ಟಾದರೂ ಉಳಿದಿರುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕತೊಡಗಿದ.

ಸಂಜೆ ಮನೋಹರ್ ಡ್ಯೂಟಿ ಮುಗಿಸಿ, ಅಂಗಿ ಬದಲಿಸಿ ಬಂದ. ಬೀಗರನ್ನು ದೇವನಹಳ್ಳಿಗೆ ಬಿಟ್ಟು ಬಾ ಎಂದು ಪಿಳ್ಳಪ್ಪ ಅವನನ್ನೇ ಕಳಿಸಿದರು. ಮಧ್ಯಾಹ್ನ ಉಂಡಿರದ ಮಗನಿಗೆ ಅಕ್ಕಯಮ್ಮ ಡಬ್ಬಿ ಕಟ್ಟಿ ದೇವರಾಜನ ಕೈಗೆ ಕೊಟ್ಟರು. ಅಳಿಯ ಸ್ಟೇರಿಂಗು ಹಿಡಿದ, ಮಾವ ಪಕ್ಕದಲ್ಲಿ ಕೂತ, ಜ್ಯೋತಿಲಕ್ಷ್ಮಿ ಮತ್ತು ಹನುಮಂತರಾಯಪ್ಪ ಹಿಂದೆ ಕೂತರು. ಗಾಡಿ ಹೊಸಕೋಟೆ ದಾಟಿತು. ಡಬ್ಬಿಯ ವಾಸನೆಗೆ ತಡೆಯಲಾರದೆ ದೇವರಾಜ ಮುಚ್ಚಳ ತೆಗೆದು, ಓಡುವ ಗಾಡಿಯಲ್ಲವೇ ಎಂಬ ಆಸೆಯಿಂದ ಗುಟ್ಟಾಗಿ ಒಂದು ಚೂರು ಬಾಯಿಗಿಟ್ಟು ನೋಡಿದ. ಕಾಲ ಕೆಳಗೆ ಬ್ರೇಕಿರಲಿಲ್ಲ. ಚೂರು ಇಳಿಯಲಿಲ್ಲ.

ಮನೋಹರ್ ಒಮ್ಮೆ ಕನ್ನಡಿ ನೋಡಿದ, ಒಮ್ಮೆ ರಸ್ತೆ ನೋಡಿದ.

"ಮಾವ, ಆ ಡಬ್ಬಿ ಇತ್ಲಾಗ್ ಕೊಡಿ. ಹೊಟ್ಟೆ ತಾಳ ಹಾಕ್ತೈತೆ."

"ಗಾಡಿ ನಿಲ್ಸಪ್ಪಾ, ಉಂಡ್ಕೊಂಡು ಹೋಗಣ."

"ನಿಲ್ಸುದ್ರೆ ಲೇಟಾಯ್ತದೆ ಮಾವ. ನಂಗೆ ಅಭ್ಯಾಸ ಐತೆ."

ಡಬ್ಬಿ ಅಳಿಯನ ತೊಡೆಯೇರಿತು. ಮುದ್ದೆ ಮುರಿದ, ಸಾರಿಗೆ ಅದ್ದಿದ, ನುಂಗಿದ. ಹಿಂದೆ ಜ್ಯೋತಿಲಕ್ಷ್ಮಿ ಉಸಿರು ಬಿಗಿಹಿಡಿದಳು. ಬಾಯಿ ತುಂಬ ತುತ್ತಿಟ್ಟುಕೊಂಡೇ ಮನೋಹರ್ ಮಾವನ ಕಡೆ ತಿರುಗಿ ವಿನಯದಿಂದ ಹೇಳಿದ:

"ಮಾವ, ಮುಂದೆ ಎಲ್ಲಾದ್ರೂ ಪೊಲೀಸ್ನೋರು ಕಂಡ್ರೆ ಒಸಿ ಹೇಳಿ."