ಮಂಕಿ ಕ್ಯಾಪು, ಮಫ್ಲರು ಮತ್ತು ಗಿರಿಜಾ

ಚಳಿಯನ್ನು ವೈಜ್ಞಾನಿಕವಾಗಿ ಎದುರಿಸಬೇಕು ಎಂಬುದು ನನ್ನ ಖಚಿತ ನಿಲುವಾಗಿತ್ತು. ಅಜ್ಜಂಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮನೆ ನಾಲ್ಕೈದು ಮೈಲಿ ಆಚೆಯ ಹಳ್ಳಿಯಲ್ಲಿ. ದಿನಾ ಸೈಕಲ್ಲು. ಎಪ್ಪತ್ತೆಂಟನೇ ಇಸವಿಯೋ ಎಂಬತ್ತೋ, ಸರಿಯಾಗಿ ಹೇಳಲಾರೆ. ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂದು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಕಲಿತೆ. ಮೊದಲು ಪರೀಕ್ಷಿಸಿದ್ದು ನನ್ನ ನೆನಪನ್ನೇ. ಅದು ಅವತ್ತೇ ಫೇಲಾಯಿತು. ಆದ್ದರಿಂದ ಇಲ್ಲಿ ಏನಾದರೂ ತಪ್ಪಿದ್ದರೆ ನನ್ನ ಹೆಂಡತಿ ಗಿರಿಜಾಳನ್ನು ಕೇಳಿ. ಅವಳು ಹೇಗೂ ಊರಿಗೆಲ್ಲ ಹೇಳಿದ್ದಾಳೆ.

ನನ್ನ ಚಳಿಗಾಲದ ಉಡುಪು ಹೀಗಿತ್ತು. ಬನಿಯನ್ನಿನ ಮೇಲೆ, ಎದೆಗೆ ಒತ್ತಿದಂತೆ, ಹಳೆಯ ದಿನಪತ್ರಿಕೆ. ಕಾಗದದ ಮಡಿಕೆಗಳ ನಡುವೆ ನಿಂತ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಇದು ಒಂಬತ್ತನೇ ಕ್ಲಾಸಿನ ಪಾಠ. ಅದರ ಮೇಲೆ ಅಂಗಿ, ಸ್ವೆಟರು, ತರೀಕೆರೆ ಸಂತೆಯಲ್ಲಿ ಕೊಂಡ ಹಳೇ ಮಿಲಿಟರಿ ಕೋಟು. ಕೈಗೆ ಉಣ್ಣೆಯ ಗ್ಲೌಸು, ಪ್ಯಾಂಟಿಗೆ ಕ್ಲಿಪ್ಪು. ಕಿವಿಗೆ ಹತ್ತಿ, ಹತ್ತಿಯ ಮೇಲೆ ಮಂಕಿ ಕ್ಯಾಪು, ಕ್ಯಾಪಿನ ಮೇಲೆ ಮಫ್ಲರು. ಇಷ್ಟನ್ನೂ ಧರಿಸಿ ಸೈಕಲ್ ಹತ್ತಲು ನನಗೊಂದು ಕಟ್ಟೆ ಬೇಕಾಗುತ್ತಿತ್ತು.

ಆ ದಿನ ಗಿರಿಜಾಗೆ ಕಡೂರಿನಲ್ಲಿ ಇಂಟರ್‌ವ್ಯೂ. ಅಜ್ಜಂಪುರದಲ್ಲೇ ಒಂದು ಪ್ರೈಮರಿ ಶಾಲೆಗೆ ಟೀಚರ್ ಬೇಕಾಗಿತ್ತು, ಆರಿಸುವ ಸಮಿತಿಯವರು ಕಡೂರಿನವರು. ಟ್ರೈನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಬಂದ ಮೊದಲ ಕರೆ ಅದು. ಬೆಳಗಿನ ಪ್ಯಾಸೆಂಜರ್ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಟೇಷನ್ನಿಗೆ ಮುಟ್ಟಿಸುವ ಜವಾಬ್ದಾರಿ ನಾನು ಹೊತ್ತೆ. ಸರ್ಟಿಫಿಕೇಟುಗಳ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿದೆ. ಅವಳು ಒಂದು ಶಾಲು ಹೊದ್ದು ಕ್ಯಾರಿಯರ್ ಮೇಲೆ ಕೂತಳು.

"ಕಿವಿನಾದ್ರೂ ಬಿಟ್ಕೊಳ್ರೀ. ಹಿಂದಿಂದ ಲಾರಿ ಬಂದ್ರೆ ಕೇಳಬೇಡ್ವಾ?" ಎಂದಳು.

"ಶಾಖ ಹೋಗೋದೇ ತಲೆಯಿಂದ ಕಣೇ," ಎಂದೆ.

ಮಂಜು ಎಷ್ಟಿತ್ತೆಂದರೆ ಡೈನಮೋ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಿತ್ತು. ಮಫ್ಲರಿನಿಂದ ಮೇಲಕ್ಕೆ ಬಂದ ಉಸಿರು ಕನ್ನಡಕವನ್ನೂ ಮುಚ್ಚಿತ್ತು. ಅರ್ಧ ದಾರಿಯಲ್ಲಿ ಒಂದು ಏರು ಬರುತ್ತದೆ. ಡಬಲ್ ರೈಡಿನ ನಿಯಮ ಎಲ್ಲರಿಗೂ ಗೊತ್ತಲ್ಲ: ಏರು ಬಂದಾಗ ಹಿಂದೆ ಕೂತವರು ಇಳಿದು ನಡೆಯಬೇಕು, ತುದಿಯಲ್ಲಿ ತುಳಿಯುವವರು ನಿಧಾನ ಮಾಡಬೇಕು, ಹಿಂದಿನವರು ಓಡಿಬಂದು ಹಾರಿ ಕೂರಬೇಕು. ಗಿರಿಜಾ ಇಳಿದಳು. ತುದಿಯಲ್ಲಿ ನಾನು ನಿಯಮದಂತೆ ನಿಧಾನ ಮಾಡಿದೆ. ಕ್ಯಾರಿಯರ್ ಧಡ್ ಎಂದಿತು.

"ಕೂತ್ಯಾ?" ಎಂದೆ.

ಉತ್ತರ ಕೇಳಿಸಲಿಲ್ಲ. ಆದರೆ ಆ ಉಡುಪಿನಲ್ಲಿ ನನಗೆ ಯಾವ ಉತ್ತರವೂ ಕೇಳಿಸುತ್ತಿರಲಿಲ್ಲವಲ್ಲ! ತುಳಿದೆ.

ಆ ಧಡ್ ಒಂದು ಕಲ್ಲಿನದು ಎಂದು ಆಮೇಲೆ ತಿಳಿಯಿತು.

ಸೈಕಲ್ಲು ಹಗುರವಾಗಿ ಓಡತೊಡಗಿತು. ಮೈ ಬೆಚ್ಚಗಿದ್ದರೆ ಸ್ನಾಯುಗಳ ಶಕ್ತಿ ಹೆಚ್ಚುತ್ತದೆ ಎಂಬ ನನ್ನ ವಾದಕ್ಕೆ ಪುರಾವೆ ಸಿಕ್ಕಿತೆಂದು ಹಿಗ್ಗಿ, ಉಡುಪಿನ ಒಂದೊಂದು ಪದರದ ಪ್ರಯೋಜನವನ್ನೂ ಗಿರಿಜಾಗೆ ವಿವರಿಸುತ್ತಾ ಹೋದೆ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಎದುರು ಮಾತಾಡದೆ ಕೇಳಿದ್ದು ಅದೇ ಮೊದಲು. ಎಲ್ಲವನ್ನೂ ಅನುಮಾನಿಸುವ ನನಗೆ ಅಲ್ಲಿ ಮಾತ್ರ ಅನುಮಾನ ಬರಲಿಲ್ಲ.

ಆಗ ಮಂಜಿನಲ್ಲಿ ಒಂದು ಸೈಕಲ್ಲು ನಮ್ಮನ್ನು ದಾಟಿ ಮುಂದೆ ಹೋಯಿತು. ತುಳಿಯುವವನ ತಲೆಗೆ ಬರೀ ಒಂದು ಟವೆಲು. ಹಿಂದೆ ಕೂತ ಹೆಂಗಸು ನನ್ನ ಕಡೆ ತಿರುಗಿ ಜೋರಾಗಿ ಕೈಬೀಸಿದಳು. ಸಭ್ಯನಾದ ನಾನೂ ಬೀಸಿದೆ.

"ನೋಡು, ಇಂಥವರಿಗೇ ನ್ಯುಮೋನಿಯಾ ಬರೋದು," ಎಂದು ಗಿರಿಜಾಗೆ ಹೇಳಿದೆ.

ಸ್ಟೇಷನ್ನಿನ ಮುಂದೆ ಇಳಿದು ತಿರುಗಿ ನೋಡಿದರೆ ಕ್ಯಾರಿಯರ್ ಖಾಲಿ!

ಮೊದಲು ಬಂದದ್ದು ಗಾಬರಿಯಲ್ಲ, ನೆನಪಿನ ಮೇಲಿನ ಸಂಶಯ. ಅವಳು ನಿಜವಾಗಿ ಹತ್ತಿದ್ದಳೇ? ಬಸ್ಸಿಗೆ ಬತ್ತೀನಿ ಎಂದಿದ್ದಳೇ? ಇಂಟರ್‌ವ್ಯೂ ಇವತ್ತೇ ತಾನೇ? ಹ್ಯಾಂಡಲ್ಲಿನ ಚೀಲ ನೋಡಿ ಇಷ್ಟು ನಿರ್ಧರಿಸಿದೆ: ಹತ್ತಿದ್ದು ಖಂಡಿತ, ಈಗಿಲ್ಲ, ಆದ್ದರಿಂದ ದಾರಿಯಲ್ಲಿ ಬಿದ್ದಿದ್ದಾಳೆ. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಪ್ಲಾಟ್‌ಫಾರ್ಮಿನತ್ತ ನೋಡಲೇ ಇಲ್ಲ. ಹಿಂದೆ ಕೂತವಳು ಮುಂದೆ ಹೋಗಿರಲು ಹೇಗೆ ಸಾಧ್ಯ? ಸೈಕಲ್ ತಿರುಗಿಸಿದೆ.

ಒಂದು ಮೈಲಿ ಹೋಗುವಷ್ಟರಲ್ಲಿ ಹಿಂದಿನಿಂದ ಬಂದ ಸೈಕಲ್ಲೊಂದು ನನ್ನನ್ನು ದಾಟಿ ಅಡ್ಡ ನಿಂತಿತು. ತಲೆಗೆ ಟವೆಲು. ನಮ್ಮ ಪಕ್ಕದ ಮನೆಯ ರುದ್ರಪ್ಪನವರು! ಏನೋ ಹೇಳಿದರು. ಮತ್ತೆ ಹೇಳಿದರು. ಕೊನೆಗೆ ಕೈಚಾಚಿ ಮಫ್ಲರು ಸರಿಸಿ ಮಂಕಿ ಕ್ಯಾಪನ್ನೇ ಕಿತ್ತರು, ಕಿವಿಯ ಹತ್ತಿಯನ್ನೂ ತೆಗೆದರು.

"ಮೇಷ್ಟ್ರೇ, ನಿಮ್ಮನೆಯವ್ರು ಸ್ಟೇಷನ್ನಲ್ಲವ್ರೆ ಕಣ್ರೀ. ನಾನೇ ಬಿಟ್ಟು ಬಂದೆ. ನೀವು ಬಂದೋರು ಹಂಗೇ ವಾಪಸ್ ಹೊರಟ್ರಲ್ಲ, ಆಯಮ್ಮ ಕೂಗಿ ಕೂಗಿ ಸಾಕಾದ್ರು. ಚೀಲ ಎಲ್ಲಿ?"

ಚೀಲ ನನ್ನ ಹ್ಯಾಂಡಲ್ಲಿನಲ್ಲಿ ತೂಗಾಡುತ್ತಿತ್ತು. ದೂರದಲ್ಲಿ ರೈಲಿನ ಕೂಗು. ಹತ್ತಿ ತೆಗೆದಿದ್ದರಿಂದ ಅದೂ ಕೇಳಿಸಿತು.

ಮಿಲಿಟರಿ ಕೋಟು, ಮಫ್ಲರು, ಗ್ಲೌಸು ಎಲ್ಲವನ್ನೂ ರುದ್ರಪ್ಪನವರ ಮೇಲೆ ಎಸೆದು ತುಳಿದೆ. ಅಂಥ ಚಳಿಯಲ್ಲಿ, ಅವೇನೂ ಇಲ್ಲದೆ, ನಾನು ಬೆವರುತ್ತಿದ್ದೆ. ಪ್ಲಾಟ್‌ಫಾರ್ಮಿಗೆ ನುಗ್ಗಿದಾಗ ಗಾಡಿ ಅಲುಗಿತ್ತು. ಗಿರಿಜಾ ಚೀಲವಿಲ್ಲದಿದ್ದರೂ ಹತ್ತಿಬಿಟ್ಟಿದ್ದಳು. ಕಿಟಕಿಯಿಂದ ಕೈಚಾಚಿ ಚೀಲ ತೆಗೆದುಕೊಂಡು, ನನ್ನ ಕತ್ತಿನ ಹತ್ತಿರ ನೋಡಿದಳು.

"ಮೊದ್ಲು ಆ ಪೇಪರ್ ಒಳಗೆ ತಳ್ಕೊಳ್ರೀ," ಎಂದಳು. ಗಾಡಿ ಹೋಯಿತು.

ಮಕ್ಕಳನ್ನು ಸಂಭಾಳಿಸುವ ತಾಳ್ಮೆ ಇದೆಯೇ ಎಂದು ಸಮಿತಿಯವರು ಕೇಳಿದರಂತೆ. ಅವಳು ಬೆಳಗಿನ ಕಥೆ ಹೇಳಿದಳಂತೆ. ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲವಂತೆ.

ಕೆಲಸಕ್ಕೆ ಸೇರಿದ ಮೇಲೆ ಅವಳು ತನ್ನದೇ ಲೇಡೀಸ್ ಸೈಕಲ್ ಕೊಂಡಳು. ನನ್ನದು ಪಂಕ್ಚರ್ ಆದ ದಿನ ಅವಳ ಕ್ಯಾರಿಯರ್ ಮೇಲೆ ನಾನು ಕೂರುತ್ತಿದ್ದೆ. ಏರು ಬಂದಾಗ ನಿಯಮದಂತೆ ಇಳಿದು, ತುದಿಯಲ್ಲಿ "ಇನ್ನೂ ಹತ್ತಿಲ್ಲ ಕಣೇ" ಎಂದು ಕೂಗುತ್ತಾ ಓಡುತ್ತಿದ್ದೆ. ಅವಳು ಕಿವಿಗೆ ಹತ್ತಿ ಇಡುತ್ತಿರಲಿಲ್ಲ, ಕ್ಯಾಪು ಹಾಕುತ್ತಿರಲಿಲ್ಲ. ಆದರೂ ಕೆಲವು ದಿನ ಅವಳಿಗೆ ಕೇಳಿಸುತ್ತಿರಲಿಲ್ಲ.