ಮುದ್ರೆ ಒಡೆಯದ ದೂರುಪೆಟ್ಟಿಗೆಯ ಬಗ್ಗೆ, ಸ್ವತಂತ್ರ ಪರಿಶೀಲಕರಿಗೆ

ಮಾನ್ಯ ಸ್ವತಂತ್ರ ಪರಿಶೀಲಕರೇ,

ತಮ್ಮ ಕಣ್ಣಿಗೂ, ಕನ್ನಡಕಕ್ಕೂ, ಅವೆರಡರ ನಡುವೆ ಸಿಕ್ಕಿಬಿದ್ದು ತಪ್ಪಿಸಿಕೊಳ್ಳಲಾರದ ಸಕಲ ಅಂಕಿಗಳಿಗೂ ನಮಸ್ಕಾರಗಳು. ತಮ್ಮ ಹಸಿರು ಶಾಯಿಯ ಪೆನ್ನು ಕ್ಷೇಮವೆಂದು ನಂಬಿದ್ದೇನೆ. ನನ್ನ ನೆನಪು ತಮಗೆ ಇರಲಾರದು. ಹೋದ ವರ್ಷ ತಾವು ನಮ್ಮ ಸಿದ್ಧ ಉಡುಪಿನ ಕಾರ್ಖಾನೆಗೆ ಬಂದಿದ್ದಾಗ, ಸಭೆಯ ಕೋಣೆಯಲ್ಲಿ ಗೋಡೆಗೂ ಕಡತಗಳ ಬೀರುವಿಗೂ ನಡುವೆ ಕುರ್ಚಿ ಹಾಕಿಕೊಂಡು, ದೇವರೇ ಇವರು ನನ್ನನ್ನು ಏನೂ ಕೇಳದಿರಲಿ ಎಂದುಕೊಳ್ಳುತ್ತಿದ್ದ ಹುಡುಗಿ ನಾನೇ. ಕಂಪನಿ ವರ್ಷಕ್ಕೊಮ್ಮೆ ಹೊರತರುವ ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಬರೆಯುವುದು ನನ್ನ ಕೆಲಸ. ಬರೆದದ್ದು ನಿಜವೇ ಎಂದು ಹೊರಗಿನಿಂದ ಬಂದು ನೋಡಿ ಸಹಿ ಹಾಕುವುದು ತಮ್ಮ ಕೆಲಸ. ಸಾಹಿತ್ಯ ಓದಿದವಳಿಗೆ ಈ ಕೆಲಸ ಹೇಗೆ ಸಿಕ್ಕಿತೆಂದು ಗೆಳತಿಯರು ಕೇಳುತ್ತಾರೆ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಇದ್ದದ್ದನ್ನು ಚೆಂದವಾಗಿ ಹೇಳಲು ಬರುತ್ತದೆಯೇ ಎಂದು. ಬರುತ್ತದೆ ಎಂದೆ.

ತಮ್ಮ ಗುಣಗಾನ ಮಾಡದೆ ನೇರ ವಿಷಯಕ್ಕೆ ಬಂದರೆ ಕೃತಘ್ನತೆಯಾದೀತು. ಅಂದು ತಾವು ನಮ್ಮ ಚಹಾ ಮುಟ್ಟಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು, ಅದೇನೋ ಲಂಚ ಕೊಡಲು ಬಂದಂತೆ, ಎರಡೇ ಬೆರಳಿನಿಂದ ಆಚೆ ಸರಿಸಿದಿರಿ. ಕುಡಿಯುವ ನೀರನ್ನೂ ಮನೆಯಿಂದಲೇ ತಂದಿದ್ದಿರಿ. ಆವರಣದಲ್ಲಿ ಇನ್ನೂರು ಗಿಡಗಳಿವೆಯೆಂದು ನಾನು ಬರೆದಿದ್ದರೆ, ನೆತ್ತಿ ಸುಡುವ ಬಿಸಿಲಲ್ಲಿ ಒಂದೊಂದನ್ನೂ ಮುಟ್ಟಿ ಎಣಿಸಿ ನೂರತೊಂಬತ್ತೇಳು ಎಂದು ತಿದ್ದಿಸಿದಿರಿ, ಅದರಲ್ಲೂ ಒಂದು ಗಿಡ ಬಾಡುತ್ತಿದೆಯೆಂದು ಅಡಿಟಿಪ್ಪಣಿ ಹಾಕಿಸಿದಿರಿ. ಆ ಗಿಡಕ್ಕೆ ಅಂದಿನಿಂದ ದಿನಕ್ಕೆರಡು ಹೊತ್ತು ನೀರು. ಅಡಿಟಿಪ್ಪಣಿಗೆ ಇಷ್ಟು ಶಕ್ತಿಯಿದೆಯೆಂದು ಐದು ವರ್ಷ ಸಾಹಿತ್ಯ ಓದಿದರೂ ನನಗೆ ಗೊತ್ತಾಗಿರಲಿಲ್ಲ.

ನನ್ನ ಅಹವಾಲು ಹೋದ ವರ್ಷದ ವರದಿಯ ಮೂವತ್ತೊಂದನೆಯ ಪುಟದ್ದು. ಅಲ್ಲಿ 'ಕಾರ್ಮಿಕರಿಂದ ಈ ವರ್ಷ ಒಂದೂ ದೂರು ಬಂದಿಲ್ಲ' ಎಂಬ ವಾಕ್ಯವಿದೆ; ಬರೆದವಳು ನಾನು. ಅದರ ಕೆಳಗೆ 'ಪರಿಶೀಲಿಸಲಾಗಿದೆ. ದೂರುಪೆಟ್ಟಿಗೆಯ ಮುದ್ರೆ ಒಡೆದಿಲ್ಲ. ಶ್ಲಾಘನೀಯ' ಎಂದಿದೆ, ಬರೆದವರು ತಾವು. ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ, ಪೆಟ್ಟಿಗೆಯನ್ನು ಯಾರಾದರೂ ತೆರೆದು ತನಗೆ ಹಿಡಿಸದ ಚೀಟಿಗಳನ್ನು ಎತ್ತಿಬಿಟ್ಟರೆ ಗತಿಯೇನು ಎಂದು ಯೋಚಿಸಿ, ಬೀಗದ ಮೇಲೆ ಅರಗು ಸುರಿಸಿ, ಮುದ್ರೆ ಒತ್ತಿಸಿ, ಸ್ವತಂತ್ರ ಪರಿಶೀಲಕರ ಎದುರಿಗಲ್ಲದೆ ಇದನ್ನು ತೆರೆಯಕೂಡದು ಎಂದು ನಿಯಮ ಬರೆಸಿದವರೂ ತಾವೇ ಎಂದು ಕೇಳಿದ್ದೇನೆ. ಬಹಳ ಒಳ್ಳೆಯ ನಿಯಮ. ಅಂದಿನಿಂದ ನಮ್ಮವರು ಆ ಮುದ್ರೆಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಧೂಳು ಒರೆಸುವ ಆಯಾ ಕೂಡ ಅದರ ಸುತ್ತ ಮಾತ್ರ ಬಟ್ಟೆಯಾಡಿಸುತ್ತಾಳೆ. ತಿಂಗಳಿಗೊಮ್ಮೆ ಫೋಟೊ ತೆಗೆದು ಕಡತಕ್ಕೆ ಸೇರಿಸುತ್ತಾರೆ, ಮೂವತ್ತಾರು ಫೋಟೊಗಳಾಗಿವೆ, ಎಲ್ಲದರಲ್ಲೂ ಮುದ್ರೆ ಒಂದೇ ಮುಖ ಹೊತ್ತು ಕೂತಿದೆ. ತಾವು ವರ್ಷಕ್ಕೊಮ್ಮೆ ಬಂದು, ಭೂತಗನ್ನಡಿ ಹಿಡಿದು, ತಲೆದೂಗಿ ಹೋಗುತ್ತೀರಿ. ಪೆಟ್ಟಿಗೆಯನ್ನು ತೆರೆದು ನೋಡುವುದು ತಮ್ಮ ಕಾರ್ಯಸೂಚಿಗೆ ಬರಬೇಕಾದರೆ ಆ ವರ್ಷ ಒಂದಾದರೂ ದೂರು ದಾಖಲಾಗಿರಬೇಕಂತೆ. ದೂರು ದಾಖಲಾಗಬೇಕಾದರೆ ಪೆಟ್ಟಿಗೆ ತೆರೆಯಬೇಕು. ಇಷ್ಟು ದುಂಡಗಿನ ವೃತ್ತವನ್ನು ನಾನು ಕೈವಾರದಲ್ಲೂ ಎಳೆದವಳಲ್ಲ.

ಇದೆಲ್ಲ ನನ್ನ ಗಮನಕ್ಕೆ ಬಂದದ್ದು ಚಿಕ್ಕಮ್ಮನಿಂದ. ನನ್ನನ್ನು ಸಾಕಿದ ಚಿಕ್ಕಮ್ಮ ಇದೇ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ಅವಳು ಇಸ್ತ್ರಿ ಮಾಡಿದ ಕಾಲರ್ ಕತ್ತು ಬಗ್ಗಿಸುವುದಿಲ್ಲ, ಅವಳೂ ಅಷ್ಟೆ. ವರದಿಯ ಕೆಲವು ಪುಟಗಳನ್ನು ಅವರ ವಿಭಾಗದ ಬಾಗಿಲಿಗೆ ಅಂಟಿಸಿದ್ದರು. ಅಂದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಅದನ್ನ ಬರೆದ ಪುಣ್ಯಾತ್ಗಿತ್ತಿ ನೀನೇನಾ?" ಎಂದು ಕೇಳಿದಳು. "ಒಂದೂ ದೂರು ಬಂದಿಲ್ವಂತೆ! ನಾನೊಬ್ಬಳೇ ಹಾಕಿದ್ದು ಮೂರು ಕಣೇ. ಅವೇನು ಪೆಟ್ಟಿಗೆಯೊಳಗೆ ಕಾವಿಗೆ ಕೂತಿವೆಯಾ?"

ಮೂರು ದೂರುಗಳೂ ಒಂದೇ ವಿಷಯದ್ದು. ಇಸ್ತ್ರಿ ವಿಭಾಗದಲ್ಲಿ ಹಬೆಯನ್ನು ಹೊರಗೆಳೆಯುವ ಎಂಟು ಫ್ಯಾನುಗಳಿವೆ, ಐದು ತಿರುಗುವುದಿಲ್ಲ. ಹಬೆ ಮೇಲೆ ಹೋಗಿ, ಅಲ್ಲಿ ದಾರಿ ಕಾಣದೆ, ಇಳಿದು ಬಂದು ಕೆಲಸಗಾರರ ಎದೆಯೊಳಗೆ ಮನೆ ಮಾಡುತ್ತದೆ. ಚಿಕ್ಕಮ್ಮನಿಗೆ ಎಂಟು ತಿಂಗಳಿಂದ ಕೆಮ್ಮು. ಇದನ್ನು ಕೇಳಿದ ಮೇಲೆ ನನಗೆ ಹನ್ನೆರಡನೆಯ ಪುಟ ನೆನಪಾಯಿತು. ಇಸ್ತ್ರಿ ವಿಭಾಗದ ವಿದ್ಯುತ್ ಬಳಕೆ ಶೇಕಡಾ ಒಂಬತ್ತು ಇಳಿದಿದೆ ಎಂಬ, ಇಡೀ ವರದಿಗೇ ಕಳಶದಂಥ ಸಾಲು ಅಲ್ಲಿದೆ. 'ಸಿಬ್ಬಂದಿಯ ಹೃತ್ಪೂರ್ವಕ ಸಹಕಾರದಿಂದ' ಎಂದು ನಾನೇ ಒಗ್ಗರಣೆ ಹಾಕಿದ್ದೆ. ಚಿಕ್ಕಮ್ಮ ಅದನ್ನೂ ಬಾಗಿಲ ಮೇಲೆ ಓದಿದ್ದಳು. "ಸಹಕಾರ ಅಂದ್ರೆ ಉಸಿರು ಬಿಗಿಹಿಡಿದು ನಿಲ್ಲೋದು ಅಂತ ನಿನ್ನ ಪುಸ್ತಕದಲ್ಲಿ ಹೇಳ್ಕೊಟ್ಟಿದ್ರಾ?" ಎಂದಳು. ತಾವು ಮೀಟರಿನ ಲೆಕ್ಕವನ್ನು ಎರಡೆರಡು ಸಲ ತಾಳೆ ನೋಡಿದ್ದಿರಿ, ಅದು ಸರಿಯಾಗಿಯೇ ಇದೆ. ಮೀಟರು ಸುಳ್ಳು ಹೇಳಲಿಲ್ಲ, ತಾವು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮೂವರು ಸತ್ಯವಂತರು ಸೇರಿ ಒಬ್ಬ ಹೆಂಗಸಿಗೆ ಕೆಮ್ಮು ತಂದಿಟ್ಟೆವು.

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ: ಫ್ಯಾನು ತಿರುಗಬೇಕು, ಇಲ್ಲವೇ ಇವರು ಆ ಕೋಣೆ ಬಿಡಬೇಕು. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ರಾಜೀನಾಮೆ ಎಂದು ಚಿಕ್ಕಮ್ಮ ತೀರ್ಮಾನಿಸಿದ್ದಾಳೆ. ಕೆಲಸ ಬಿಟ್ಟು ಅವಳು ಏನು ಮಾಡುತ್ತಾಳೋ ನನಗೆ ತಿಳಿಯದು, ರಜೆಯ ದಿನವೂ ಹನ್ನೊಂದರ ಹೊತ್ತಿಗೆ ಅವಳ ಕೈ ಇಸ್ತ್ರಿಪೆಟ್ಟಿಗೆ ಹುಡುಕುತ್ತದೆ. ವರದಿಯಲ್ಲಿ ಅದಕ್ಕೊಂದು ಕಾಲಂ ಈಗಾಗಲೇ ಇದೆ, 'ಸ್ವಇಚ್ಛೆಯಿಂದ ನಿರ್ಗಮಿಸಿದವರು' ಎಂದು. ತುಂಬಬೇಕಾದವಳು ನಾನು, ಸರಿಯಾಗಿದೆಯೆಂದು ಸಹಿ ಹಾಕಬೇಕಾದವರು ತಾವು.

ಹುಟ್ಟಿದ ಮೇಲೆ ಮೊದಲ ಸಲ ಧೈರ್ಯ ತಂದುಕೊಂಡು ನಾನು ಕಾರ್ಖಾನೆಯ ಕಾರ್ಮಿಕ ಕಲ್ಯಾಣಾಧಿಕಾರಿಗಳ ಕೋಣೆಗೆ ಹೋದೆ. ಕೆಟ್ಟವರಲ್ಲ, ಕೂರಲು ಹೇಳಿದರು, ಪೂರ್ತಿ ಕೇಳಿದರು, ಬೆವರೊರೆಸಿಕೊಂಡರು. "ನೋಡಮ್ಮ, ಬರವಣಿಗೆಯಲ್ಲಿ ದೂರು ಇಲ್ಲದೆ ಫ್ಯಾನ್ ರಿಪೇರಿಗೆ ಮೇಲಿನವರು ಒಪ್ಪಲ್ಲ. ಬರವಣಿಗೆಯಲ್ಲಿ ಕೊಟ್ಟರೆ ಪೆಟ್ಟಿಗೆಗೇ ಹಾಕಬೇಕು, ಅದು ನಿಯಮ. ಪೆಟ್ಟಿಗೆಯ ಕೀಲಿಕೈ ನನಗಿಂತ ಮೊದಲಿದ್ದವರು ಎಲ್ಲಿಟ್ಟರೋ ಗೊತ್ತಿಲ್ಲ. ಹೋಗಲಿ ಒಡೆಯೋಣ ಅಂದ್ರೆ ಮುದ್ರೆ ಇದೆ. ಆ ಮುದ್ರೆಗೇ ಅಲ್ವಾ ಪರಿಶೀಲಕರು ಮೆಚ್ಚಿಕೊಂಡು ಬರೆದಿದ್ದು? ಶ್ಲಾಘನೀಯ ಅಂತ ನನ್ನ ಇಡೀ ನೌಕರಿಯಲ್ಲಿ ಯಾರೂ ಬರೆದಿರಲಿಲ್ಲ" ಎಂದರು. ಕೊನೆಯ ಮಾತು ಹೇಳುವಾಗ ಅವರ ದನಿ ಮೆತ್ತಗಾಯಿತು. ನಾನು ಎದ್ದು ಬಂದೆ.

ಆದ್ದರಿಂದ ಮಾನ್ಯರೇ, ಬರುವ ಗುರುವಾರ ತಾವು ಈ ವರ್ಷದ ಪರಿಶೀಲನೆಗೆ ಬರುವಾಗ ಕೆಲವು ಕೋರಿಕೆಗಳನ್ನು ನಡೆಸಿಕೊಡಬೇಕು. ಪೆಟ್ಟಿಗೆ ತೆರೆಯುವವರೆಗೆ ನೆಲದಿಂದ ಮೂರಡಿಗಿಂತ ಮೇಲೇರಕೂಡದೆಂದು ಹಬೆಗೆ ತಮ್ಮ ಹಸಿರು ಶಾಯಿಯಲ್ಲೊಂದು ಸೂಚನಾಪತ್ರ ಕೊಡಬೇಕು. ಚಿಕ್ಕಮ್ಮನ ಕೆಮ್ಮಿಗೆ ಸದ್ಯ ಯಾವ ದಾಖಲೆಯೂ ಇಲ್ಲದ್ದರಿಂದ, ಅದು ನಿಜವಾದ ಕೆಮ್ಮೇ ಎಂದು ತಾವು ಮಾದರಿಗಾಗಿ ಒಂದು ಹತ್ತು ಕೆಮ್ಮನ್ನು ಆಯ್ದು ಎಣಿಸಿ, ಒಂಬತ್ತೇ ಸಿಕ್ಕರೆ ಒಂಬತ್ತೆಂದು ತಿದ್ದಬೇಕು. ಇವು ಕಷ್ಟವೆನಿಸಿದರೆ, ಮುದ್ರೆಯನ್ನು ನೋಡಿದ ಮೇಲೆ ಅಲ್ಲಿಂದ ಹಿಂದೆ ಸರಿಯದೆ ಅದನ್ನು ಒಡೆಯಬೇಕು. ಬಾಡುವ ಗಿಡವನ್ನು ಬಿಸಿಲಲ್ಲಿ ನಿಂತು ಕಂಡುಹಿಡಿದವರಿಗೆ ಇದು ದೊಡ್ಡದಲ್ಲ ಎಂಬ ನಂಬಿಕೆ ನನಗಿದೆ, ಇದನ್ನು ಮಾತ್ರ ನಾನು ತಮಾಷೆಗೆ ಹೇಳುತ್ತಿಲ್ಲ. ಈ ವರ್ಷದ ಮೂವತ್ತೊಂದನೆಯ ಪುಟವನ್ನು ನಾನಿನ್ನೂ ಬರೆದಿಲ್ಲ. ಬರೆ ಎಂದು ಮೇಲಿನವರು ಮೂರು ಸಲ ನೆನಪಿಸಿದ್ದಾರೆ. ಹೋದ ವರ್ಷದ ವಾಕ್ಯವನ್ನೇ ಎತ್ತಿಹಾಕಲು ನನ್ನಿಂದಾಗದು, ಆಗದೆಂದು ಅವರಿಗೂ ಬರೆದುಕೊಟ್ಟಿದ್ದೇನೆ.

ತಮ್ಮ ಸಹಿಯನ್ನು ಇನ್ನೂ ನಂಬುವ, ತಮ್ಮ ವಿಶ್ವಾಸಿ,
ವರದಿ ವಿಭಾಗದ ಕಿರಿಯ ಬರಹಗಾರ್ತಿ

ತಾ.ಕ.: ನಿಯಮ ಮೀರಬಾರದೆಂದು ಈ ಪತ್ರವನ್ನು ಮೊದಲು ಪೆಟ್ಟಿಗೆಗೇ ಹಾಕಲು ಹೋಗಿದ್ದೆ. ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು, ಒಳಗೆ ಜಾಗವಿಲ್ಲ. ಹೊರಗೆಳೆದುಕೊಂಡಾಗ ಅದರ ಜೊತೆ ಮಡಚಿದ ಚೀಟಿಯೊಂದು ಬಂತು, ಚಿಕ್ಕಮ್ಮನ ಅಕ್ಷರವಲ್ಲ. 'ಎದುರು ಮೇಜಿನ ಅಕ್ಕ ಕೆಮ್ಮಿ ಕೆಮ್ಮಿ ಕೆಲಸ ಬಿಡ್ತೀನಿ ಅಂತಿದ್ದಾರೆ. ಅವರು ಹೋದರೆ ನಮಗೆ ಕಾಲರ್ ಹೇಳಿಕೊಡೋರು ಯಾರೂ ಇಲ್ಲ. ದಯವಿಟ್ಟು ಫ್ಯಾನ್ ಸರಿ ಮಾಡಿಸಿ' ಎಂದಿದೆ. ಮತ್ತೆ ಒಳಗೆ ತುರುಕಲು ನೋಡಿದೆ, ಹೋಗಲಿಲ್ಲ, ಆದ್ದರಿಂದ ಇದರೊಂದಿಗೆ ಲಗತ್ತಿಸಿದ್ದೇನೆ. ಮುದ್ರೆಗೆ ಏನೂ ಆಗಿಲ್ಲ, ಗಾಬರಿ ಬೇಡ. ಈ ವರ್ಷದ ಒಂದನೆಯ ದೂರು ಎಂದು ಇದನ್ನು ದಾಖಲಿಸಿಕೊಂಡು, ಪೆಟ್ಟಿಗೆಯನ್ನು ಕಾರ್ಯಸೂಚಿಗೆ ಸೇರಿಸಿಕೊಂಡು ಬನ್ನಿ. ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು ಒಂದು ಸುತ್ತಿಗೆ ತಂದರೆ ಸಾಕು.